ಒಳಗಣ ಕುರುಕ್ಷೇತ್ರ: ಗೀತೆಯ ಸಾಂಕೇತಿಕ ವ್ಯಾಖ್ಯಾನವನ್ನು ಕುರಿತು

೧

ಶಾಸ್ತ್ರಗ್ರಂಥಗಳಿಗೆ ಹೊರಗೊಂದು ಅರ್ಥವೂ ಒಳಗೊಂದು ಅರ್ಥವೂ ಉಂಟೆಂಬ ನಂಬಿಕೆ ಭರತಖಂಡದಲ್ಲಿ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ವೇದಮಂತ್ರಗಳ ಅರ್ಥವನ್ನು ನಿಷ್ಕರ್ಷಿಸಲು ಹೊರಟ ಯಾಸ್ಕನ ಕಾಲಕ್ಕಾಗಲೇ ಈ ವಿಷಯದಲ್ಲಿ ಪಂಥಭೇದಗಳು ತಲೆದೋರಿದ್ದವು. ಇಂದ್ರನು ಕೊಂದ ವೃತ್ರನು ಯಾರು ಎಂಬ ಪ್ರಶ್ನೆಗೆ ಅವನು ತನ್ನ ನಿರುಕ್ತದಲ್ಲಿ ಎರಡು ಉತ್ತರಗಳನ್ನು ಕೊಡುತ್ತಾನೆ. ನೈರುಕ್ತರ ಮತದಲ್ಲಿ ವೃತ್ರನೆಂದರೆ ಮೇಘ. ಐತಿಹಾಸಿಕರ ಮತದಲ್ಲಿ ಅವನು ತ್ವಷ್ಟೃವಿನ ಮಗನಾದ ಅಸುರ. ಶರೀರದಲ್ಲಿ ನೆಲೆಗೊಂಡ ಏಳು ಮಂದಿ ಋಷಿಗಳ ಪ್ರಸ್ತಾಪವುಳ್ಳ ಇನ್ನೊಂದು ಮಂತ್ರವನ್ನು ವಿವರಿಸುವಾಗ ಅವನು ಮತ್ತೂ ಒಂದು ಹೆಜ್ಜೆ ಮುಂದಿಡುತ್ತಾನೆ. ಅಧಿದೈವದೃಷ್ಟಿಯಿಂದ ಆ ಏಳು ಋಷಿಗಳು ಸೂರ್ಯನ ಕಿರಣಗಳು. ಅಧ್ಯಾತ್ಮದೃಷ್ಟಿಯಿಂದ ಆರು ಇಂದ್ರಿಯಗಳು ಮತ್ತು ಏಳನೆಯದಾದ ವಿದ್ಯೆ. ಒಂದೇ ಮಂತ್ರವು ಆಕಾಶವನ್ನೂ ಅಂತರಂಗವನ್ನೂ ಏಕಕಾಲದಲ್ಲಿ ಹೇಳಬಲ್ಲುದೆಂಬ ಭಾವನೆ ಇಲ್ಲಿ ಸ್ಪಷ್ಟವಾಗಿದೆ.

ಉಪನಿಷತ್ತುಗಳಲ್ಲಿ ಈ ದೃಷ್ಟಿ ವ್ಯಾಖ್ಯಾನಕಾರರಿಗಾಗಿ ಕಾಯದೆ ಗ್ರಂಥದೊಳಗೇ ನೆಲೆಸಿದೆ. ಬೃಹದಾರಣ್ಯಕವು ಅಶ್ವಮೇಧದ ಕುದುರೆಯನ್ನು ವಿಶ್ವವಾಗಿ ಧ್ಯಾನಿಸುವುದರಿಂದಲೇ ಆರಂಭವಾಗುತ್ತದೆ; ಉಷಸ್ಸು ಆ ಕುದುರೆಯ ತಲೆ, ಸೂರ್ಯನು ಅದರ ಕಣ್ಣು. ಛಾಂದೋಗ್ಯದ ಮೂರನೆಯ ಅಧ್ಯಾಯವು ಮನುಷ್ಯನ ಬಾಳನ್ನೇ ಯಜ್ಞವೆಂದು ಕಂಡು, ತಪಸ್ಸು, ದಾನ, ಆರ್ಜವ, ಅಹಿಂಸೆ, ಸತ್ಯವಚನಗಳನ್ನು ಆ ಯಜ್ಞದ ದಕ್ಷಿಣೆಯೆಂದು ಹೇಳುತ್ತದೆ. ಘೋರ ಆಂಗಿರಸನು ಈ ಉಪದೇಶವನ್ನು ದೇವಕೀಪುತ್ರನಾದ ಕೃಷ್ಣನಿಗೆ ಮಾಡಿದನೆಂಬ ಮಾತು ಅಲ್ಲಿಯೇ ಬರುತ್ತದೆ. ಕಠೋಪನಿಷತ್ತಿನಲ್ಲಿ ಶರೀರವು ರಥ, ಆತ್ಮನು ರಥಿಕ, ಬುದ್ಧಿ ಸಾರಥಿ, ಮನಸ್ಸು ಕಡಿವಾಣ, ಇಂದ್ರಿಯಗಳು ಕುದುರೆಗಳು. ಆದುದರಿಂದ ಧರ್ಮಗ್ರಂಥವನ್ನು ಅಂತರಂಗದ ದಾರಿದೀಪವಾಗಿ ಓದುವುದು ಆಧುನಿಕರ ಕಟ್ಟುಕಥೆಯೆಂದು ತಳ್ಳಿಹಾಕುವವರು ಪರಂಪರೆಯನ್ನು ಅರಿತವರೆನ್ನಲಾಗದು.

ಆದರೆ ಹಾಗೆ ಓದಲು ಬರುತ್ತದೆ ಎಂಬುದು ಒಂದು ಮಾತು. ಹೇಗೆ ಬೇಕಾದರೂ ಓದಬಹುದು ಎಂಬುದು ಬೇರೆಯ ಮಾತು. ಸಾಂಕೇತಿಕ ವ್ಯಾಖ್ಯಾನಕ್ಕೆ ಪ್ರಮಾಣವೇನು, ಅದರ ಮೇರೆ ಯಾವುದು, ಒಳಗಿನ ಅರ್ಥ ದೊರೆತ ಮೇಲೆ ಹೊರಗಿನ ಅರ್ಥದ ಗತಿಯೇನು ಎಂಬ ಪ್ರಶ್ನೆಗಳು ಉಳಿದೇ ಇರುತ್ತವೆ. ಇವು ಭಗವದ್ಗೀತೆಯ ವಿಷಯದಲ್ಲಿ ತೀವ್ರವಾದಷ್ಟು ಮತ್ತಾವ ಗ್ರಂಥದ ವಿಷಯದಲ್ಲಿಯೂ ಆಗಿಲ್ಲ. ಯುದ್ಧವನ್ನು ಒಲ್ಲೆನೆಂದು ಬಿಲ್ಲು ಕೆಳಗಿಟ್ಟವನನ್ನು ಮತ್ತೆ ಯುದ್ಧಕ್ಕೆ ಅಣಿಗೊಳಿಸುವ ಗ್ರಂಥವು ಅಹಿಂಸಾವ್ರತಿಯೊಬ್ಬನ ನಿತ್ಯಪಾರಾಯಣದ ಗ್ರಂಥವಾದುದು ಹೇಗೆ? ಕುರುಕ್ಷೇತ್ರವೆಂದರೆ ಮನುಷ್ಯಹೃದಯವೇ ಎಂಬ ಉತ್ತರ ಸುಪರಿಚಿತವಾಗಿದೆ. ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದು ಇಲ್ಲಿಯ ವಿಚಾರ.

೨

ಮಹಾಭಾರತಕ್ಕೆ ಒಳಗಿನ ಅರ್ಥವನ್ನು ಕ್ರಮಬದ್ಧವಾಗಿ ಹೇಳಿದ ಆಚಾರ್ಯರಲ್ಲಿ ಹದಿಮೂರನೆಯ ಶತಮಾನದ ಉಡುಪಿಯ ಮಧ್ವಾಚಾರ್ಯರಿಗೆ ವಿಶಿಷ್ಟವಾದ ಸ್ಥಾನವಿದೆ. ಮೂವತ್ತೆರಡು ಅಧ್ಯಾಯಗಳ ಅವರ ಮಹಾಭಾರತತಾತ್ಪರ್ಯನಿರ್ಣಯವು ಕಥೆಯನ್ನು ಹೇಳಹೊರಡುವುದಕ್ಕೆ ಮುನ್ನವೇ ಓದುವ ಕ್ರಮವನ್ನು ನಿರೂಪಿಸುತ್ತದೆ. ಭಾರತಕ್ಕೆ ಮೂರು ಬಗೆಯ ಅರ್ಥಗಳಿವೆ. ಮೊದಲನೆಯದು ಕೃಷ್ಣಪಾಂಡವರ ಚರಿತ್ರೆ. ಎರಡನೆಯದು ಧರ್ಮ, ಭಕ್ತಿ ಮೊದಲಾದ ಗುಣಗಳ ನಿರೂಪಣೆ. ಮೂರನೆಯದರಲ್ಲಿ ಪ್ರತಿಯೊಂದು ಪದವೂ ವಿಷ್ಣುವಾಚಕ. ಎರಡನೆಯ ಅರ್ಥದಲ್ಲಿ ಭೀಮಸೇನನು ಭಕ್ತಿ, ಜ್ಞಾನ, ವೈರಾಗ್ಯ, ಪ್ರಜ್ಞೆ, ಮೇಧೆ, ಧೃತಿ ಮೊದಲಾದ ಗುಣಗಳ ಮೂರ್ತಿ, ದ್ರೌಪದಿ ವಿದ್ಯೆ, ದುರ್ಯೋಧನನು ಅಜ್ಞಾನ, ದುಃಶಾಸನನು ವಿಪರೀತಜ್ಞಾನ, ಶಕುನಿ ನಾಸ್ತಿಕ್ಯ. ಗ್ರಂಥದ ಭಾಷೆಯಲ್ಲಿಯೂ ಸಮಾಧಿಭಾಷೆ, ದರ್ಶನಭಾಷೆ, ಗುಹ್ಯಭಾಷೆ ಎಂದು ಮೂರು ವಿಧಗಳನ್ನು ಅವರು ಗುರುತಿಸುತ್ತಾರೆ. ಋಗ್ವೇದದ ಮೊದಲ ನಲವತ್ತು ಸೂಕ್ತಗಳಿಗೆ ಅವರು ಬರೆದ ಭಾಷ್ಯದಲ್ಲಿಯೂ ಮಂತ್ರಗಳಿಗೆ ಒಂದಕ್ಕಿಂತ ಹೆಚ್ಚು ನೆಲೆಯ ಅರ್ಥವನ್ನು ಹೇಳುವ ಇದೇ ಕ್ರಮವಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದಾಗಿ, ಮಧ್ವರಲ್ಲಿ ಒಳಗಿನ ಅರ್ಥವು ಹೊರಗಿನ ಅರ್ಥವನ್ನು ತೊಡೆದುಹಾಕುವುದಿಲ್ಲ. ಭೀಮನು ಜ್ಞಾನಭಕ್ತಿಗಳ ಮೂರ್ತಿಯಾದ ಮಾತ್ರಕ್ಕೆ ಅವನು ಕುಂತಿಯ ಮಗನಲ್ಲವೆಂದಾಗಲಿ, ಗದಾಯುದ್ಧ ನಡೆಯಲಿಲ್ಲವೆಂದಾಗಲಿ ಅವರು ಹೇಳುವುದಿಲ್ಲ. ಅವನು ವಾಯುವಿನ ಅವತಾರನಾದುದರಿಂದಲೇ ಆ ಗುಣಗಳ ಮೂರ್ತಿಯೂ ಆಗಿದ್ದಾನೆ. ಚರಿತ್ರೆಯೂ ತತ್ತ್ವವೂ ಒಂದಕ್ಕೊಂದು ಆಧಾರ. ಎರಡನೆಯದಾಗಿ, ಈ ವಿಂಗಡಣೆ ಮಧ್ವಸಿದ್ಧಾಂತದ ತಾರತಮ್ಯವನ್ನು ಅನುಸರಿಸಿದೆ. ಪಾಂಡವರಲ್ಲಿ ಭೀಮನಿಗೇ ಅಗ್ರಸ್ಥಾನ ಸಲ್ಲುವುದಕ್ಕೆ ಕಾರಣ ಕಥೆಯೊಂದೇ ಅಲ್ಲ, ವಾಯುವಿನ ಜೀವೋತ್ತಮತ್ವವೂ ಹೌದು.

ಈ ಎರಡನೆಯ ಸಂಗತಿಯ ಮಹತ್ತ್ವ ಮನದಟ್ಟಾಗಬೇಕಾದರೆ ಮಧ್ವರ ಸೂಚಿಯ ಪಕ್ಕದಲ್ಲಿ ಇನ್ನೊಂದು ಸೂಚಿಯನ್ನು ಇಟ್ಟು ನೋಡಬೇಕು. ಪರಮಹಂಸ ಯೋಗಾನಂದರ ಗೀತಾವ್ಯಾಖ್ಯಾನವು ಅವರ ನಿಧನಾನಂತರ, ೧೯೯೫ರಲ್ಲಿ, ಸಮಗ್ರ ಗ್ರಂಥರೂಪದಲ್ಲಿ ಹೊರಬಂದಿತು. ಕ್ರಿಯಾಯೋಗದ ಹಿನ್ನೆಲೆಯ ಆ ವ್ಯಾಖ್ಯಾನದಲ್ಲಿ ಐವರು ಪಾಂಡವರು ಬೆನ್ನುಹುರಿಯ ಐದು ಚಕ್ರಗಳ ಅಧಿಪತಿಗಳು. ಸಹದೇವನಿಗೆ ಮೂಲಾಧಾರ, ಯುಧಿಷ್ಠಿರನಿಗೆ ವಿಶುದ್ಧ. ದ್ರೌಪದಿ ಕುಂಡಲಿನೀಶಕ್ತಿ, ಭೀಷ್ಮನು ಅಹಂಕಾರ, ದ್ರೋಣನು ಸಂಸ್ಕಾರ, ದುರ್ಯೋಧನನು ಕಾಮ. ಮಧ್ವರಿಗೆ ವಿದ್ಯೆಯಾಗಿದ್ದ ದ್ರೌಪದಿ ಇಲ್ಲಿ ಕುಂಡಲಿನಿಯಾಗಿದ್ದಾಳೆ. ಅಜ್ಞಾನವಾಗಿದ್ದ ದುರ್ಯೋಧನನು ಕಾಮವಾಗಿದ್ದಾನೆ. ಎರಡೂ ವ್ಯಾಖ್ಯಾನಗಳು ತಮ್ಮ ತಮ್ಮ ಸಾಧನಾಮಾರ್ಗದಲ್ಲಿ ಸುಸಂಗತವಾಗಿವೆ. ಎರಡರಿಂದಲೂ ಸಾಧಕರಿಗೆ ಉಪಕಾರವಾಗಿದೆ. ಆದರೆ ಎರಡೂ ವ್ಯಾಸರ ಗ್ರಂಥದಿಂದಲೇ ಹೊರಟ ಸಂಕೇತಗಳೆಂದು ಹೇಳುವುದು ಕಷ್ಟ. ಸಾಧಕನು ಮೊದಲೇ ಒಪ್ಪಿಕೊಂಡ ದರ್ಶನವು ಪಾತ್ರಗಳಿಗೆ ಹೆಸರಿಡುತ್ತದೆ; ಪಾತ್ರಗಳು ಆ ದರ್ಶನವನ್ನು ಹೊಸದಾಗಿ ಕಲಿಸುವುದಿಲ್ಲ. ಗ್ರಂಥವು ಕನ್ನಡಿಯಾಗುತ್ತದೆ. ಕನ್ನಡಿಗೂ ಒಂದು ಬೆಲೆಯುಂಟು. ಆದರೆ ಗುರುವನ್ನು ಅರಸಿಕೊಂಡು ಬಂದವನಿಗೆ ಕನ್ನಡಿಯೊಂದೇ ಸಾಲದು.

೩

ಆಧುನಿಕ ಕಾಲದಲ್ಲಿ ಗೀತೆಯ ಯುದ್ಧವನ್ನು ಕುರಿತ ಚರ್ಚೆ ಕೇವಲ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. ಬಾಲಗಂಗಾಧರ ಟಿಳಕರು ೧೯೦೮ರಿಂದ ೧೯೧೪ರವರೆಗೆ ಮಂಡಾಲೆಯಲ್ಲಿ ಸೆರೆಯಲ್ಲಿದ್ದರು. ಅಲ್ಲಿ ೧೯೧೦-೧೧ರ ಚಳಿಗಾಲದಲ್ಲಿ ಬರೆದು, ೧೯೧೫ರಲ್ಲಿ ಪುಣೆಯಲ್ಲಿ ಪ್ರಕಟಿಸಿದ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರು ಕರ್ನಾಟಕದ ಕುಲಪುರೋಹಿತರೆನಿಸಿದ ಆಲೂರು ವೆಂಕಟರಾಯರು. ಟಿಳಕರ ಅನುಯಾಯಿಗಳಾಗಿದ್ದ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯವರಂಥವರು ಮುಂದೆ ಗಾಂಧೀಜಿಯವರನ್ನು ಅನುಸರಿಸಿದರು. ೧೯೨೪ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿಯೇ ನೆರೆಯಿತು. ಒಂದೇ ತಲೆಮಾರಿನ ಜನ ಗೀತೆಯ ಎರಡು ಭಿನ್ನ ವ್ಯಾಖ್ಯಾನಗಳ ನೆರಳಿನಲ್ಲಿ ಬದುಕಿದರೆಂಬುದು ಕನ್ನಡನಾಡಿನ ಮಟ್ಟಿಗೆ ನಡೆದ ಸಂಗತಿ.

ಟಿಳಕರಲ್ಲಿ ಯುದ್ಧ ಯುದ್ಧವೇ. ಅವರು ಗೀತೆಯ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರ ಲಕ್ಷಣಗಳನ್ನು ಮುಂದಿಡುತ್ತಾರೆ: ಉಪಕ್ರಮ ಉಪಸಂಹಾರಗಳ ಹೊಂದಿಕೆ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಗ್ರಂಥವು ಕರ್ಮದಿಂದ ಹಿಂಜರಿದವನ ವಿಷಾದದಿಂದ ಆರಂಭವಾಗಿ ಅವನು ಕರ್ಮಕ್ಕೆ ಸಿದ್ಧನಾಗುವುದರಲ್ಲಿ ಮುಗಿಯುವುದರಿಂದ ಅದರ ತಾತ್ಪರ್ಯ ಕರ್ಮಯೋಗವೇ ಎಂಬುದು ಅವರ ವಾದ.

ಶ್ರೀ ಅರವಿಂದರ ನಿಲುವು ಇನ್ನೂ ವಿಚಾರಾರ್ಹವಾದುದು. ೧೯೧೪ರಲ್ಲಿ ಆರಂಭವಾದ 'ಆರ್ಯ' ಪತ್ರಿಕೆಯಲ್ಲಿ ಅವರು ವೇದಕ್ಕೆ ಸಂಪೂರ್ಣ ಸಾಂಕೇತಿಕವಾದ ವ್ಯಾಖ್ಯಾನವನ್ನು ಮಂಡಿಸಿದರು. ಗೋವು ಎಂದರೆ ಬೆಳಕು, ಅಶ್ವವೆಂದರೆ ಪ್ರಾಣಶಕ್ತಿ, ಘೃತವೆಂದರೆ ನಿರ್ಮಲವಾದ ಬುದ್ಧಿ. ಯಜ್ಞವು ಅಂತರಂಗದ ಯಾತ್ರೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಬುಕ್ಕ ಹರಿಹರರ ಆಶ್ರಯದಲ್ಲಿ ಸಾಯಣಾಚಾರ್ಯರು ರಚಿಸಿದ ಯಜ್ಞಪ್ರಧಾನವಾದ ಭಾಷ್ಯವನ್ನು ಅವರು ಗೌರವಿಸಿದರೂ ಅದು ಮಂತ್ರಗಳ ಒಳದನಿಯನ್ನು ಮುಟ್ಟಲಿಲ್ಲವೆಂದು ಭಾವಿಸಿದರು. ಕಪಾಲಿ ಶಾಸ್ತ್ರಿಗಳು ಈ ಮಾರ್ಗವನ್ನೇ ಹಿಡಿದು ಋಗ್ವೇದದ ಪ್ರಥಮಾಷ್ಟಕಕ್ಕೆ ಸಂಸ್ಕೃತದಲ್ಲಿ ಸಿದ್ಧಾಂಜನವೆಂಬ ಭಾಷ್ಯವನ್ನು ಬರೆದರು.

ಇಂಥ ಅರವಿಂದರು ಅದೇ ಪತ್ರಿಕೆಯಲ್ಲಿ ೧೯೧೬ರಿಂದ ಗೀತೆಯನ್ನು ಕುರಿತು ಬರೆಯತೊಡಗಿದಾಗ ಸಾಂಕೇತಿಕ ವ್ಯಾಖ್ಯಾನವನ್ನು ನಿರಾಕರಿಸಿದರು. ವೇದದ ಭಾಷೆ ಸಂಕೇತಮಯವಾದುದು. ಗೀತೆಯ ಭಾಷೆ ಅಂಥದಲ್ಲ. ಬಾಳಿನ ನೈತಿಕ ಸಂಕಟವೊಂದನ್ನು ಅದು ನೇರವಾದ ಮಾತುಗಳಲ್ಲಿ ಎತ್ತಿಕೊಂಡು ಬಿಡಿಸುತ್ತದೆ. ಇಡೀ ಭಾರತವನ್ನು ಒಳಬಾಳಿನ ರೂಪಕವಾಗಿ ಮಾಡುವುದು ಆ ನೇರವಾದ ಭಾಷೆಯನ್ನು ಪ್ರಯಾಸದ ಒಗಟಾಗಿ ಮಾಡಿದಂತಾಗುತ್ತದೆಂಬುದು ಅವರ ಅಭಿಪ್ರಾಯದ ಸಾರ. ವೇದದಲ್ಲಿ ಸಂಕೇತವನ್ನು ಕಂಡ ಕಣ್ಣೇ ಗೀತೆಯಲ್ಲಿ ಅದನ್ನು ಕಾಣಲೊಲ್ಲದು. ಇದು ವಿರೋಧವೆಂದು ತೋರಬಹುದು. ಆದರೆ ನಿಜವಾಗಿ ಇದು ವಿವೇಕ. ಸಂಕೇತವನ್ನು ಓದುಗನು ತನ್ನ ಇಷ್ಟದಂತೆ ಆರೋಪಿಸಬಾರದು. ಗ್ರಂಥವೇ ಅದರ ಸುಳುಹನ್ನು ಕೊಟ್ಟಿರಬೇಕು.

ಗಾಂಧೀಜಿಯವರ ಮಾರ್ಗ ಇದಕ್ಕೆ ಎದುರಾದುದು. ಗೀತೆಯ ಪರಿಚಯ ತಮಗೆ ಮೊದಲು ಆದ ೧೮೮೮-೮೯ರಷ್ಟು ಹಿಂದೆಯೇ, ಅದು ಐತಿಹಾಸಿಕ ಗ್ರಂಥವಲ್ಲ, ಹೊರಗಿನ ಯುದ್ಧದ ನೆವದಲ್ಲಿ ಪ್ರತಿಯೊಬ್ಬನ ಹೃದಯದಲ್ಲಿ ಎಡೆಬಿಡದೆ ನಡೆಯುವ ದ್ವಂದ್ವಯುದ್ಧದ ವರ್ಣನೆ ಎಂದು ತಮಗೆ ತೋರಿತೆಂದು ಅವರು ಬರೆದಿದ್ದಾರೆ. ೧೯೨೬ರಲ್ಲಿ ಸಾಬರಮತಿ ಆಶ್ರಮದಲ್ಲಿ ಮಾಡಿದ ಗೀತಾಪ್ರವಚನಗಳಲ್ಲಿಯೂ ಈ ಭಾವವೇ ಇದೆ. ೧೯೨೯ರಲ್ಲಿ ಕೌಸಾನಿಯಲ್ಲಿ ಮುನ್ನುಡಿಯನ್ನು ಬರೆದು ಮುಗಿಸಿದ 'ಅನಾಸಕ್ತಿಯೋಗ'ವೆಂಬ ಅವರ ಗುಜರಾತಿ ಅನುವಾದ ೧೯೩೦ರ ಮಾರ್ಚ್ ೧೨ರಂದು ಪ್ರಕಟವಾಯಿತು. ಅದೇ ದಿನ ಅವರು ದಂಡಿಯತ್ತ ಕಾಲ್ನಡಿಗೆಯಲ್ಲಿ ಹೊರಟರು.

ಗಾಂಧೀಜಿಯವರ ವ್ಯಾಖ್ಯಾನವನ್ನು ಟೀಕಿಸುವವರು ಸಾಮಾನ್ಯವಾಗಿ ಈ ರೂಪಕದ ಮಾತಿನ ಹತ್ತಿರವೇ ನಿಂತುಬಿಡುತ್ತಾರೆ. ಅದೇ ಮುನ್ನುಡಿಯಲ್ಲಿ ಮುಂದೆ ಬರುವ ಒಂದು ಒಪ್ಪಿಗೆಯನ್ನು ಗಮನಿಸುವವರು ಕಡಿಮೆ. ಗೀತೆಯ ಅಕ್ಷರಾರ್ಥವನ್ನು ಹಿಡಿದರೆ ಫಲತ್ಯಾಗಕ್ಕೂ ಯುದ್ಧಕ್ಕೂ ಹೊಂದಿಕೆಯುಂಟೆಂದು ಹೇಳಬಹುದೆಂಬುದನ್ನು ಅವರು ಒಪ್ಪುತ್ತಾರೆ. ಆದರೆ ಗೀತೆಯ ಬೋಧೆಯನ್ನು ಬಾಳಿನಲ್ಲಿ ತರಲು ನಲವತ್ತು ವರ್ಷ ಪಟ್ಟ ಪ್ರಯತ್ನದಿಂದ, ಪೂರ್ಣವಾದ ಅಹಿಂಸೆಯಿಲ್ಲದೆ ಪೂರ್ಣವಾದ ತ್ಯಾಗ ಸಾಧ್ಯವಿಲ್ಲವೆಂದು ತಮಗೆ ಕಂಡಿತೆಂದು ಹೇಳುತ್ತಾರೆ. ಯಜ್ಞ, ಸಂನ್ಯಾಸ ಎಂಬ ಹಳೆಯ ಶಬ್ದಗಳ ಅರ್ಥವನ್ನು ಗೀತೆಯೇ ವಿಸ್ತರಿಸಿದೆ. ಆದುದರಿಂದ ಗೀತೆಯ ಶಬ್ದಗಳ ಅರ್ಥವೂ ಬೆಳೆಯಬಹುದು ಎಂಬುದು ಅವರ ಆಧಾರ. ಇಲ್ಲಿ ಗಾಂಧೀಜಿ ಗ್ರಂಥದ ಗುಪ್ತಲಿಪಿಯನ್ನು ಬಿಡಿಸಿದೆನೆಂದು ಹೇಳುತ್ತಿಲ್ಲ. ಗ್ರಂಥದ ಬೋಧೆಯನ್ನು ಕೊನೆಯವರೆಗೂ ಅನುಸರಿಸಿ ಅದರ ಅಕ್ಷರವನ್ನು ದಾಟಿದೆನೆಂದು ಹೇಳುತ್ತಿದ್ದಾರೆ. ಈ ಎರಡಕ್ಕೂ ಇರುವ ಅಂತರ ಬಹು ದೊಡ್ಡದು.

೪

ಈಗ ಗೀತೆಯನ್ನೇ ಮುಂದಿಟ್ಟುಕೊಂಡು ನೋಡಬೇಕು. ಒಳಗಿನ ಯುದ್ಧದ ಪಕ್ಷಕ್ಕೆ ಅಲ್ಲಿ ಬಲವಾದ ಆಧಾರಗಳಿವೆ. ಮೂರನೆಯ ಅಧ್ಯಾಯ ಮುಗಿಯುವುದು ಕಾಮರೂಪಿಯಾದ ಶತ್ರುವನ್ನು ಕೊಲ್ಲೆಂಬ ಆದೇಶದಿಂದ. ನಾಲ್ಕನೆಯದು ಮುಗಿಯುವುದು ಹೃದಯದಲ್ಲಿರುವ ಸಂಶಯವನ್ನು ಜ್ಞಾನದ ಖಡ್ಗದಿಂದ ಕತ್ತರಿಸೆಂಬ ಮಾತಿನಿಂದ. ಆರನೆಯದರಲ್ಲಿ ಮನುಷ್ಯನಿಗೆ ತಾನೇ ಬಂಧು, ತಾನೇ ಶತ್ರು. ಹದಿಮೂರನೆಯದರಲ್ಲಿ ಶರೀರಕ್ಕೆ ಕ್ಷೇತ್ರವೆಂಬ ಹೆಸರು ಬರುತ್ತದೆ. ಹದಿನೈದನೆಯದರಲ್ಲಿ ಸಂಸಾರವೆಂಬ ಅಶ್ವತ್ಥವನ್ನು ಅಸಂಗವೆಂಬ ಶಸ್ತ್ರದಿಂದ ಕಡಿಯಬೇಕು. ಆಯುಧ, ವೈರಿ, ರಣಭೂಮಿ ಮೂರನ್ನೂ ಗ್ರಂಥವು ಹೀಗೆ ತಾನಾಗಿಯೇ ಒಳಕ್ಕೆ ತಿರುಗಿಸಿದೆ. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಅಭ್ಯಾಸವೆಂಬ ಲಕ್ಷಣ ಒಳಗಿನ ಅರ್ಥದ ಪರವಾಗಿದೆ. ಸ್ಥಿತಪ್ರಜ್ಞನ, ಗುಣಾತೀತನ ಚಿತ್ರಗಳನ್ನು ನೋಡಿದರೆ ಫಲವೂ ಅದರ ಪರವಾಗಿಯೇ ಇದೆ.

ಇನ್ನು ಎದುರುಪಕ್ಷ. ಎರಡನೆಯ ಅಧ್ಯಾಯದಲ್ಲಿ ಕೃಷ್ಣನು ಯುದ್ಧ ಬಿಟ್ಟರೆ ಅಪಕೀರ್ತಿ ಬರುವುದೆಂದೂ, ಸತ್ತರೆ ಸ್ವರ್ಗ, ಗೆದ್ದರೆ ಭೂಮಿಯ ಭೋಗವೆಂದೂ ಹೇಳುತ್ತಾನೆ. ಕಾಮಕ್ರೋಧಗಳೊಡನೆ ಹೋರಾಡದೆ ಬಿಟ್ಟವನನ್ನು ಮಹಾರಥರು ಹೇಡಿಯೆಂದು ಹಳಿಯುವುದು ಹೇಗೆ? ಅವುಗಳೊಡನೆ ಹೋರಾಡಿ ಸತ್ತವನ ಸಾವೆಂದರೇನು? ಈ ಮಾತುಗಳಿಗೆ ಕ್ಷತ್ರಿಯನ ಹೊರಗಿನ ಧರ್ಮವಲ್ಲದೆ ಬೇರೆ ನೆಲೆಯಿಲ್ಲ. ಅರ್ಜುನನ ವಿಷಾದವೂ ಹಾಗೆಯೇ. ದುರ್ಗುಣಗಳೂ ಬಂಧುಗಳಷ್ಟೇ ಪ್ರಿಯವಾದುವು, ಅವನ್ನು ಕೊಲ್ಲಲು ಮನಸ್ಸು ಅಳುಕುತ್ತದೆ ಎಂಬ ಸಮಾಧಾನವನ್ನು ಹೇಳುವುದುಂಟು. ಅದು ಸೊಗಸಾದ ಸಮಾಧಾನವೇ. ಆದರೆ ಭೀಷ್ಮದ್ರೋಣರ ಮುಂದೆ ಅದು ಸೋಲುತ್ತದೆ. ಅರ್ಜುನನ ದುಃಖದ ಮೊನೆಯೆಲ್ಲ ಇರುವುದು ಅವರು ಪೂಜ್ಯರೆಂಬುದರಲ್ಲಿ. ಪೂಜಾರ್ಹನಾದ ಗುರುವನ್ನು ದುರ್ಗುಣದ ಹೆಸರಾಗಿ ಮಾಡಿದೊಡನೆ ಆ ದುಃಖ ಬರಿಯ ತಪ್ಪುತಿಳಿವಳಿಕೆಯಾಗಿಬಿಡುತ್ತದೆ. ಹದಿನೆಂಟು ಅಧ್ಯಾಯಗಳ ಉತ್ತರವನ್ನು ಬೇಡುವ ಧರ್ಮಸಂಕಟವಾಗಿ ಉಳಿಯುವುದಿಲ್ಲ. ಉಪಕ್ರಮವೂ ಉಪಸಂಹಾರವೂ ಒಳಗಿನ ಅರ್ಥಕ್ಕೆ ಒಪ್ಪುವುದಿಲ್ಲ. ಮೋಹ ಕಳೆಯಿತೆಂದು ಅರ್ಜುನನು ಹೇಳಿದ ಮೇಲೆ ಭೀಷ್ಮಪರ್ವದಲ್ಲಿ ನಡೆಯುವುದು ನೆತ್ತರು ಹರಿಯುವ ಯುದ್ಧವೇ.

ಹೀಗೆ ಒಂದೇ ಗ್ರಂಥವು ಎರಡು ಕಡೆಗೆ ಸಾಕ್ಷಿ ಹೇಳುವಾಗ, ಒಂದು ಸಾಕ್ಷಿಯನ್ನು ಅಡಗಿಸುವುದಕ್ಕಿಂತ ಎರಡನ್ನೂ ಕೂಡಿಸುವ ದಾರಿಯನ್ನು ಹುಡುಕುವುದು ಲೇಸು. ಆ ದಾರಿ ವೇದಾಂತಿಗಳಿಗಿಂತ ಆಲಂಕಾರಿಕರಲ್ಲಿ ಹೆಚ್ಚು ಸ್ಪಷ್ಟವಾಗಿ ದೊರೆಯುತ್ತದೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಧ್ವನಿಯಲ್ಲಿ ಎರಡು ಮುಖ್ಯ ಭೇದಗಳನ್ನು ಹೇಳಿದ್ದಾನೆ. ಒಂದರಲ್ಲಿ ವಾಚ್ಯಾರ್ಥವು ಹೊಂದದೆ, ಹಿಂದೆ ಸರಿದು ಬೇರೊಂದಕ್ಕೆ ಎಡೆಗೊಡುತ್ತದೆ, ಅದು ಅವಿವಕ್ಷಿತವಾಚ್ಯ. ಇನ್ನೊಂದರಲ್ಲಿ ವಾಚ್ಯಾರ್ಥವೂ ಕವಿಗೆ ಬೇಕಾದುದೇ, ಅದು ತಾನು ನಿಂತೇ ತನಗಿಂತ ಹಿರಿದಾದುದನ್ನು ಹೊಳೆಯಿಸುತ್ತದೆ, ಅದು ವಿವಕ್ಷಿತಾನ್ಯಪರವಾಚ್ಯ. ಯೋಗಾನಂದರ ವ್ಯಾಖ್ಯಾನದಲ್ಲಿ ಒತ್ತೆಲ್ಲ ಮೊದಲನೆಯದರ ಕಡೆಗೆ ಬೀಳುತ್ತದೆ. ಮಧ್ವರ ಬಹ್ವರ್ಥಕ್ರಮವು ಎರಡನೆಯದಕ್ಕೆ ಸಮೀಪವಾದುದು. ಗೀತೆಯ ಯುದ್ಧಕ್ಕೆ ಎರಡನೆಯ ಬಗೆಯೇ ಸಲ್ಲುವುದೆಂದು ತೋರುತ್ತದೆ. ಕುರುಕ್ಷೇತ್ರವು ಕುರುಕ್ಷೇತ್ರವಾಗಿ ನಿಂತೇ ಹೃದಯವನ್ನು ಧ್ವನಿಸುತ್ತದೆ. ಹೊರಗಿನ ಯುದ್ಧದ ಭಾರ ಕಡಮೆಯಾದಂತೆಲ್ಲ ಧ್ವನಿಯ ಬಲವೂ ಕಡಮೆಯಾಗುತ್ತದೆ; ಏಕೆಂದರೆ ಗುರುವಧೆಯ ಭಯಂಕರತೆಯೇ ಅರ್ಜುನನನ್ನು ತನ್ನೊಳಗೆ ನೋಡುವಂತೆ ಮಾಡಿದುದು.

ಆನಂದವರ್ಧನನು ಇಲ್ಲಿಗೇ ನಿಲ್ಲುವುದಿಲ್ಲ. ಧ್ವನ್ಯಾಲೋಕದ ಕಡೆಯ ಉದ್ಯೋತದಲ್ಲಿ ಅವನು ಮಹಾಭಾರತವನ್ನು ಶಾಸ್ತ್ರವೂ ಕಾವ್ಯವೂ ಆದ ಗ್ರಂಥವೆಂದು ಎತ್ತಿಕೊಂಡು, ವೃಷ್ಣಿಗಳ ಮತ್ತು ಪಾಂಡವರ ವಿರಸವಾದ ಅವಸಾನವನ್ನು ತೋರಿಸಿ, ಅದರ ಅಂಗಿಯಾದ ರಸ ಶಾಂತವೆಂದೂ ಪರಮಪುರುಷಾರ್ಥ ಮೋಕ್ಷವೆಂದೂ ನಿರ್ಣಯಿಸುತ್ತಾನೆ. ಗಾಂಧೀಜಿಯವರೂ ಅನಾಸಕ್ತಿಯೋಗದ ಮುನ್ನುಡಿಯಲ್ಲಿ, ಭಾರತಕಾರನು ಯುದ್ಧದ ಅವಶ್ಯಕತೆಯನ್ನಲ್ಲ, ವ್ಯರ್ಥತೆಯನ್ನು ಸಿದ್ಧಪಡಿಸಿದ್ದಾನೆ, ಗೆದ್ದವರಿಂದ ಕಣ್ಣೀರಿಡಿಸಿದ್ದಾನೆ ಎಂಬ ಭಾವದ ಮಾತನ್ನು ಹೇಳಿದ್ದಾರೆ. ಒಬ್ಬ ಆಲಂಕಾರಿಕನೂ ಒಬ್ಬ ಸತ್ಯಾಗ್ರಹಿಯೂ ಸಾವಿರ ವರ್ಷಗಳ ಅಂತರದಲ್ಲಿ ಹೆಚ್ಚುಕಡಮೆ ಒಂದೇ ಕಡೆಗೆ ಬಂದು ಸೇರಿದ್ದಾರೆ. ಗಮನಿಸಬೇಕಾದುದೆಂದರೆ, ಈ ವಾದಕ್ಕೆ ಯುದ್ಧವು ನಿಜವಾದ ಯುದ್ಧವಾಗಿಯೇ ಇರಬೇಕು. ಯುದ್ಧವು ಬರಿಯ ರೂಪಕವಾದರೆ ಗೆದ್ದವರ ಕಣ್ಣೀರಿಗೆ ಅರ್ಥವಿಲ್ಲ. ದುರ್ಗುಣಗಳನ್ನು ಗೆದ್ದವನು ಅಳಬೇಕಾದುದೇನಿದೆ? ಗಾಂಧೀಜಿಯವರ ರೂಪಕಕ್ಕಿಂತ ಅವರ ಈ ಮಾತೇ ಗಟ್ಟಿಯಾದುದು.

೫

ವಾಚ್ಯಾರ್ಥವನ್ನು ಉಳಿಸಿಕೊಳ್ಳಬೇಕೆಂಬುದು ಕೇವಲ ಸಾಹಿತ್ಯದೃಷ್ಟಿಯ ಹಟವಲ್ಲ. ಅದಕ್ಕೆ ನೈತಿಕವಾದ ಕಾರಣವೂ ಉಂಟು. ಡಾ. ಬಿ. ಆರ್. ಅಂಬೇಡ್ಕರರು ಪ್ರಾಚೀನ ಭಾರತದ ಕ್ರಾಂತಿ ಪ್ರತಿಕ್ರಾಂತಿಗಳನ್ನು ಕುರಿತು ಬರೆಯುತ್ತಿದ್ದು, ೧೯೫೬ರಲ್ಲಿ ಅವರು ತೀರಿಕೊಂಡಾಗ ಅಪೂರ್ಣವಾಗಿ ಉಳಿದಿದ್ದ ಗ್ರಂಥದಲ್ಲಿ ಕೃಷ್ಣ ಮತ್ತು ಅವನ ಗೀತೆಯ ಮೇಲೆ ಒಂದು ಪ್ರಕರಣವಿದೆ. ಅದು ೧೯೮೭ರಲ್ಲಿ ಮಹಾರಾಷ್ಟ್ರ ಸರಕಾರದ ಸಂಪುಟದಲ್ಲಿ ಪ್ರಕಟವಾಯಿತು. ಯುದ್ಧದ ಕೊಲೆಯನ್ನೂ ಚಾತುರ್ವರ್ಣ್ಯವನ್ನೂ ತಾತ್ತ್ವಿಕವಾಗಿ ಸಮರ್ಥಿಸಿಕೊಡುವುದೇ ಗೀತೆಯ ಕೆಲಸವೆಂಬುದು ಅಲ್ಲಿಯ ಆಪಾದನೆ. ಈ ನಿರ್ಣಯವನ್ನು ಒಪ್ಪದವರೂ ಇದರ ಹಿಂದಿರುವ ಪ್ರಶ್ನೆಯನ್ನು ಎದುರಿಸಲೇಬೇಕು. ಒಂದು ಗ್ರಂಥದ ಅಕ್ಷರಾರ್ಥವು ತಲೆಮಾರುಗಳವರೆಗೆ ಜನರ ಬೆನ್ನ ಮೇಲೆ ಹೊರೆಯಾಗಿ ಕುಳಿತಿರುವಾಗ, ಅದರ ನಿಜವಾದ ಅರ್ಥ ಬೇರೆ, ನಾಲ್ಕು ವರ್ಣಗಳೆಂದರೆ ಪ್ರತಿಯೊಬ್ಬನೊಳಗಿನ ನಾಲ್ಕು ವೃತ್ತಿಗಳು ಎಂದು ಹೇಳಿಬಿಟ್ಟರೆ ಹೊರೆ ಇಳಿಯುವುದೇ? ಹೊರೆ ಹೊತ್ತವನಿಗೆ ಆ ವ್ಯಾಖ್ಯಾನದಿಂದ ಏನೂ ಆಗುವುದಿಲ್ಲ. ಹೊರಿಸಿದವನಿಗೆ ಮಾತ್ರ ಸಮಾಧಾನ ದೊರೆಯುತ್ತದೆ. ಸಾಂಕೇತಿಕ ವ್ಯಾಖ್ಯಾನದ ದೊಡ್ಡ ಅಪಾಯವಿರುವುದು ಇಲ್ಲಿ. ಗ್ರಂಥದಲ್ಲಿ ಇಕ್ಕಟ್ಟಿನ ಮಾತು ಬಂದಲ್ಲೆಲ್ಲ ಒಳಗಿನ ಅರ್ಥಕ್ಕೆ ಶರಣುಹೋಗಿ, ಇಷ್ಟವಾದ ಮಾತು ಬಂದಲ್ಲೆಲ್ಲ ಅಕ್ಷರಾರ್ಥವನ್ನೇ ಹಿಡಿಯುವ ಓದು ಆಧ್ಯಾತ್ಮಿಕವಾದುದಲ್ಲ, ಅದು ವಕೀಲಿ.

ಈ ಎಚ್ಚರ ಬೇರೆ ಧರ್ಮಗಳ ವ್ಯಾಖ್ಯಾನಕಾರರಲ್ಲಿಯೂ ಕಂಡುಬಂದಿದೆ. ಕ್ರಿಸ್ತಶಕದ ಮೊದಲ ಶತಮಾನದ ಅಲೆಕ್ಸಾಂಡ್ರಿಯದಲ್ಲಿದ್ದ ಯೆಹೂದ್ಯ ತತ್ತ್ವಜ್ಞಾನಿ ಫಿಲೋ, ಮೋಶೆಯ ಗ್ರಂಥಗಳನ್ನು ಆತ್ಮದ ಯಾತ್ರೆಯ ಕಥೆಯಾಗಿ ಓದಿದವರಲ್ಲಿ ಅಗ್ರಗಣ್ಯ. ಆದರೂ, ಒಳಗಿನ ಅರ್ಥ ತಿಳಿದ ಮೇಲೆ ಹೊರಗಿನ ನಿಯಮಗಳ ಆಚರಣೆ ಬೇಡವೆಂದವರನ್ನು ಅವನು ಖಂಡಿಸಿದನು. ಅಕ್ಷರಾರ್ಥವು ಶರೀರದಂತೆ, ಒಳಗಿನ ಅರ್ಥ ಆತ್ಮದಂತೆ. ಆತ್ಮದ ಮನೆಯೆಂಬ ಕಾರಣಕ್ಕಾಗಿಯೇ ಶರೀರವನ್ನು ಕಾಪಾಡಬೇಕೆಂಬುದು ಅವನ ವಾದ. ಫಿಲೋ ಅಕ್ಷರವನ್ನು ಉಳಿಸಿಕೊಂಡದ್ದು ಆಚರಣೆಗಾಗಿ; ಇಂದಿನ ಓದುಗನು ಅದನ್ನು ಉಳಿಸಿಕೊಳ್ಳಬೇಕಾದುದು ಜವಾಬ್ದಾರಿಗಾಗಿಯೂ ಹೌದು.

ಒಳಕ್ಕೆ ತಿರುಗಿದ ದೃಷ್ಟಿ ಹೊರಗಿನ ಲೋಕವನ್ನು ಬದಲಿಸಿದ ನಿದರ್ಶನಕ್ಕಾಗಿ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರು ದೇಹವನ್ನೇ ದೇಗುಲವಾಗಿ ಕಂಡರು. ದೇವಾಲಯದ ಕಂಬ ಕಳಸಗಳನ್ನು ಮನುಷ್ಯಶರೀರಕ್ಕೆ ತಂದುಕೊಂಡರು. ಇದೂ ಸಂಕೇತವೇ. ಆದರೆ ಈ ಸಂಕೇತ ಮನಸ್ಸಿನೊಳಗೇ ಉಳಿಯಲಿಲ್ಲ. ದೇಗುಲವು ದೇಹವಾದ ಮೇಲೆ ದೇಗುಲದ ಬಾಗಿಲಲ್ಲಿ ತಡೆಯಲ್ಪಟ್ಟವನಿಗೂ ದೇಗುಲ ದೊರೆಯಿತು; ಲಿಂಗವು ಅಂಗದ ಮೇಲೆ ಬಂದಿತು; ಕಾಯಕ ಮಾಡುವ ಕೈಗೆ ಪೂಜೆಯ ಗೌರವ ಸಂದಿತು. ಅಂತರಂಗದ ಅರ್ಥವು ಬಹಿರಂಗದ ವ್ಯವಸ್ಥೆಯನ್ನು ಅಲುಗಾಡಿಸಿತು. ಗಾಂಧೀಜಿಯವರ ಓದಿಗೂ ಈ ಬಲ ಇದ್ದಿತು. ಒಳಗಿನ ಯುದ್ಧವನ್ನು ಕುರಿತ ಪುಸ್ತಕ ಹೊರಬಂದ ದಿನವೇ ಅವರು ಸಾಮ್ರಾಜ್ಯವೊಂದರ ಕಾನೂನನ್ನು ಮುರಿಯಲು ನಡೆದುಹೋದುದು ಆಕಸ್ಮಿಕವೇ ಇರಬಹುದು, ಆದರೆ ಅಸಂಗತವಲ್ಲ.

ಇದೇ ಸಂದರ್ಭದಲ್ಲಿ ಕವಿಗೂ ವ್ಯಾಖ್ಯಾನಕಾರನಿಗೂ ಇರುವ ಭೇದವನ್ನು ಹೇಳಬೇಕು. ೧೯೫೫ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿಯನ್ನು ಪಡೆದ ಕುವೆಂಪು ಅವರ ಶ್ರೀರಾಮಾಯಣದರ್ಶನಂ ರಾಮಕಥೆಯನ್ನು ಚೇತನದ ಆರೋಹಣವಾಗಿ ಕಂ‍ಡಿದೆ. ರಾವಣನಿಗೂ ಅಲ್ಲಿ ಮನಃಪರಿವರ್ತನೆಯ ದಾರಿ ತೆರೆದಿದೆ. ಅರವಿಂದದರ್ಶನದ ಪ್ರಭಾವ ಅಲ್ಲಿ ಸ್ಪಷ್ಟವಾಗಿದೆ. ಆದರೆ ಕುವೆಂಪು ವಾಲ್ಮೀಕಿಯ ಗ್ರಂಥದ ಅರ್ಥ ಇದೇ ಎಂದು ಸಾಧಿಸಲು ಹೊರಟವರಲ್ಲ. ತಮ್ಮ ದರ್ಶನಕ್ಕೆ ತಕ್ಕ ಹೊಸ ಕಾವ್ಯವನ್ನು ಕಟ್ಟಿದರು, ಬದಲಾಯಿಸಿದುದನ್ನು ಬದಲಾಯಿಸಿಯೇ ತೋರಿದರು. ಕವಿಗೆ ಈ ಸ್ವಾತಂತ್ರ್ಯವಿದೆ, ಏಕೆಂದರೆ ಅವನು ತನ್ನ ಗ್ರಂಥಕ್ಕೆ ತಾನೇ ಹೊಣೆ. ಇನ್ನೊಬ್ಬರ ಗ್ರಂಥಕ್ಕೆ ಹೊಣೆಯಾದ ವ್ಯಾಖ್ಯಾನಕಾರನಿಗೆ ಅದಿಲ್ಲ.

೬

ಇಷ್ಟರಿಂದ ಸಾಂಕೇತಿಕ ವ್ಯಾಖ್ಯಾನಕ್ಕೆ ಮೂರು ಪರೀಕ್ಷೆಗಳನ್ನು ಹೇಳಬಹುದು. ಸಂಕೇತದ ಸುಳುಹು ಗ್ರಂಥದಲ್ಲಿಯೇ ಇರಬೇಕು. ಅರವಿಂದರು ವೇದಕ್ಕೂ ಗೀತೆಗೂ ಮಾಡಿದ ಭೇದ ಇದಕ್ಕೆ ಮಾದರಿ. ಹಿಡಿದ ಸಂಕೇತವನ್ನು ಅನುಕೂಲವಾದ ಕಡೆಗೂ ಪ್ರತಿಕೂಲವಾದ ಕಡೆಗೂ ಸಮನಾಗಿ ಹಚ್ಚಿ ನೋಡಬೇಕು. ಅದು ಸಲ್ಲದಲ್ಲಿ ಸಲ್ಲದೆಂದು, ಗಾಂಧೀಜಿ ಅಕ್ಷರಾರ್ಥವನ್ನು ಒಪ್ಪಿಕೊಂಡಂತೆ, ಒಪ್ಪಿಕೊಳ್ಳಬೇಕು. ಕಡೆಯದಾಗಿ, ಆ ಅರ್ಥ ಓದುಗನ ಮೇಲಿನ ಋಣವನ್ನು ಹೆಚ್ಚಿಸಬೇಕೇ ಹೊರತು ತೀರಿಸಿಬಿಡಬಾರದು. ಕಾಮವೇ ವೈರಿಯೆಂದು ಅರಿತವನಿಗೆ ಹೊರಗಿನ ವೈರಿಯನ್ನು ದ್ವೇಷಿಸುವ ಹಕ್ಕು ಹೋಗುತ್ತದೆ. ದೇಹವೇ ದೇಗುಲವೆಂದು ಅರಿತವನಿಗೆ ಇನ್ನೊಬ್ಬನ ದೇಹವನ್ನು ಮೈಲಿಗೆಯೆನ್ನುವ ಹಕ್ಕು ಹೋಗುತ್ತದೆ. ಹಾಗೆ ಏನನ್ನೂ ಕಳೆಯದೆ, ಇದ್ದುದನ್ನು ಇದ್ದಂತೆಯೇ ಇಟ್ಟು, ಮನಸ್ಸಿಗೆ ಮಾತ್ರ ಹಿತವನ್ನುಂಟುಮಾಡುವ ಸಂಕೇತದಲ್ಲಿ ಸಂಶಯಕ್ಕೆ ಎಡೆಯಿದೆ.

ಡಿ. ವಿ. ಗುಂಡಪ್ಪನವರು ೧೯೬೭ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಪಡೆದ ತಮ್ಮ ಗೀತಾತಾತ್ಪರ್ಯಕ್ಕೆ ಜೀವನಧರ್ಮಯೋಗವೆಂಬ ಹೆಸರನ್ನಿತ್ತರು. ಜೀವನ, ಧರ್ಮ, ಯೋಗ ಎಂಬ ಮೂರು ಮಾತುಗಳಲ್ಲಿ ಮೊದಲನೆಯದು ಹೊರಗಿನದು, ಕಡೆಯದು ಒಳಗಿನದು; ನಡುವೆ ನಿಂತು ಎರಡನ್ನೂ ಹಿಡಿದಿರುವುದು ಧರ್ಮ. ಗೀತೆಯ ಮೊದಲ ಶ್ಲೋಕವೂ ರಣಭೂಮಿಯನ್ನು ಕುರುಕ್ಷೇತ್ರವೆಂದು ಮಾತ್ರ ಕರೆಯದೆ ಧರ್ಮಕ್ಷೇತ್ರವೆಂದೂ ಕರೆಯುತ್ತದೆ. ಊರಿನ ಹೆಸರನ್ನು ಅಳಿಸಿ ಧರ್ಮದ ಹೆಸರನ್ನು ಅದು ಬರೆದಿಲ್ಲ. ಎರಡು ಹೆಸರುಗಳನ್ನೂ ಒಟ್ಟಿಗೇ ಇಟ್ಟಿದೆ. ವ್ಯಾಖ್ಯಾನಕಾರನೂ ಅಷ್ಟನ್ನು ಮಾಡಿದರೆ ಗ್ರಂಥಕ್ಕೂ ಓದುಗನಿಗೂ ನ್ಯಾಯ ದೊರೆತಂತಾಗುತ್ತದೆ.